ಬಿಸಿಲ ನಾಡಿನ ತಂಪು ಪೆಟ್ಟಿಗೆ

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳು ಬಿಸಿಲಿಗೆ ಹೆಸರಾದ ಊರುಗಳು. ಈ ಭಾಗದಲ್ಲಿ ಮೇಲೆ ಕರಿಯ ಮಣ್ಣು, ಕೆಳಗೆ ಪದರು ಪದರಾದ ಸುಣ್ಣದ ಕಲ್ಲು. ಆ ಕಲ್ಲೇ ಒಂದು ಕಡೆ ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೇಯುತ್ತದೆ. ಇನ್ನೊಂದು ಕಡೆ ‘ಶಹಾಬಾದ ಕಲ್ಲು’ ಎಂಬ ಹೆಸರಿನಿಂದ ಅಸಂಖ್ಯ ಮನೆಗಳ ನೆಲಗಟ್ಟಾಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ನೆರಳಿನ ಉಷ್ಣತೆಯೇ 42 ಡಿಗ್ರಿಯನ್ನು ಮುಟ್ಟುವುದು ಇಲ್ಲಿ ಅಪರೂಪವಲ್ಲ. ಹಗಲೆಲ್ಲ ಕಾದ ಕಲ್ಲಿನ ಗೋಡೆಗಳು ರಾತ್ರಿ ಬಹಳ ಹೊತ್ತಿನವರೆಗೆ ಆ ಕಾವನ್ನು ಉಗುಳುತ್ತಲೇ ಇರುತ್ತವೆ. ಇಂಥ ನಾಡಿನಲ್ಲಿ ತಂಪು ಎಂಬುದು ಬರಿಯ ಸುಖದ ಮಾತಲ್ಲ. ಮಗುವಿನ ಹಾಲು ಒಡೆಯದಿರುವುದು, ಮಧುಮೇಹದ ರೋಗಿಯ ಇನ್ಸುಲಿನ್ ಕೆಡದಿರುವುದು, ಆರೋಗ್ಯ ಕೇಂದ್ರದ ಲಸಿಕೆ ತನ್ನ ಶಕ್ತಿಯನ್ನು ಕಳೆದುಕೊಳ್ಳದಿರುವುದು ಇವೆಲ್ಲವೂ ತಂಪನ್ನೇ ನಂಬಿವೆ.

ತಂಪನ್ನು ಪಡೆಯುವ ಉಪಾಯ ಈ ಜನಕ್ಕೆ ಹೊಸದಲ್ಲ. ಪಡಸಾಲೆಯ ಮೂಲೆಯಲ್ಲಿ ಮರಳಿನ ಹಾಸಿನ ಮೇಲೆ ಕುಳಿತ ಮಣ್ಣಿನ ಹರವಿಯೇ ಅವರ ಮೊದಲ ತಂಪು ಯಂತ್ರ. ಹರವಿಯ ಮೈಯಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ನೀರು ಹೊರಗೆ ಜಿನುಗುತ್ತದೆ. ಒಣಗಾಳಿ ತಾಗಿದಾಗ ಆವಿಯಾಗುತ್ತದೆ. ದ್ರವವು ಆವಿಯಾಗಬೇಕಾದರೆ ಅದಕ್ಕೆ ಶಾಖ ಬೇಕು. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖವನ್ನು ಹೀರುತ್ತದೆ. ಈ ಶಾಖವನ್ನೇ ವಿಜ್ಞಾನಿಗಳು ಗುಪ್ತೋಷ್ಣ ಎನ್ನುತ್ತಾರೆ. ಜಿನುಗಿದ ನೀರು ಆ ಶಾಖವನ್ನು ಹರವಿಯಿಂದಲೂ ಒಳಗಿನ ನೀರಿನಿಂದಲೂ ಪಡೆಯುವುದರಿಂದ ಉಳಿದ ನೀರು ತಣ್ಣಗಾಗುತ್ತದೆ. ಬೇಸಗೆಯ ಒಣಗಾಳಿಯಲ್ಲಿ ಹರವಿಯ ನೀರು ಹೆಚ್ಚು ತಂಪಾಗಿರುವುದಕ್ಕೂ ಮಳೆಗಾಲದ ತೇವದ ಗಾಳಿಯಲ್ಲಿ ಅಷ್ಟು ತಂಪಾಗದಿರುವುದಕ್ಕೂ ಇದೇ ಕಾರಣ.

ಆದರೆ ಹರವಿಯ ಶಕ್ತಿಗೆ ಒಂದು ಮಿತಿಯುಂಟು. ಅದು ಕುಡಿಯುವ ನೀರನ್ನು ಹಿತವಾಗಿಸಬಲ್ಲುದೇ ಹೊರತು ಲಸಿಕೆಗೆ ಬೇಕಾದ 2ರಿಂದ 8 ಡಿಗ್ರಿಯ ತಂಪನ್ನು ಕಡುಬೇಸಗೆಯಲ್ಲಿ ಕೊಡಲಾರದು. ಇದಲ್ಲದೆ ಆವಿಯಾದ ನೀರು ಗಾಳಿಯಲ್ಲಿ ಸೇರಿಹೋಗುತ್ತದೆ. ದಿನವೂ ಹೊಸ ನೀರನ್ನು ತುಂಬಬೇಕು. ಆವಿಯಾಗಿ ಹೋದ ದ್ರವವನ್ನೇ ಹಿಡಿದು ತಂದು, ಮತ್ತೆ ದ್ರವವಾಗಿಸಿ, ಮತ್ತೆ ಆವಿಯಾಗಲು ಬಿಡುವಂತಾದರೆ? ಮನುಷ್ಯನ ಈ ಆಲೋಚನೆಯಿಂದಲೇ ರೆಫ್ರಿಜರೇಟರ್ ಹುಟ್ಟಿತು.

ಈ ಆಲೋಚನೆ ಒಂದೇ ದಿನದಲ್ಲಿ ಕೈಗೂಡಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಕಲೆನ್ ಎಂಬ ವಿದ್ವಾಂಸನು ನಿರ್ವಾತದ ಸಹಾಯದಿಂದ ಈಥರನ್ನು ಬೇಗ ಆವಿಯಾಗಿಸಿ ತಂಪನ್ನು ಉಂಟುಮಾಡಿ ತೋರಿಸಿದನು. ಅದಾದ ಮೇಲೂ ಬಹಳ ಕಾಲ ಜನರು ನಿಸರ್ಗದ ಮಂಜುಗಡ್ಡೆಯನ್ನೇ ನಂಬಿದ್ದರು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹಡಗಿನಲ್ಲಿ ಹೊರಟ ಮಂಜುಗಡ್ಡೆ ನಾಲ್ಕು ತಿಂಗಳ ಪಯಣದ ಬಳಿಕ ಕಲ್ಕತ್ತೆಯನ್ನು ಸೇರಿತು. ದಾರಿಯಲ್ಲಿ ಕರಗಿದ್ದು ಕರಗಿ ಉಳಿದದ್ದು ಸುಮಾರು ನೂರು ಟನ್. ಮರುವರ್ಷವೇ, ಎಂದರೆ 1834ರಲ್ಲಿ, ಜೇಕಬ್ ಪರ್ಕಿನ್ಸ್ ಎಂಬಾತನು ಆವಿಯನ್ನು ಒತ್ತಿ ಮತ್ತೆ ದ್ರವವಾಗಿಸುವ ಯಂತ್ರಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು. 1927ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ಮೋಟಾರು ಮತ್ತು ಕಂಪ್ರೆಸರುಗಳೆರಡನ್ನೂ ಒಂದೇ ಕವಚದಲ್ಲಿ ಬೆಸೆದು ಮುಚ್ಚಿದ ಫ್ರಿಜ್ಜನ್ನು ಮಾರುಕಟ್ಟೆಗೆ ತಂದಿತು. ಭಾರತದಲ್ಲಿ ಗೋದ್ರೆಜ್ ಸಂಸ್ಥೆಯು 1958ರಲ್ಲಿ ಫ್ರಿಜ್ ತಯಾರಿಕೆಯನ್ನು ಆರಂಭಿಸಿತು.

ಫ್ರಿಜ್ಜಿನ ವಿಷಯದಲ್ಲಿ ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಅದು ತಂಪನ್ನು ತಯಾರಿಸುವ ಯಂತ್ರವಲ್ಲ. ಶಾಖವನ್ನು ಹೊತ್ತೊಯ್ಯುವ ಯಂತ್ರ. ಮಳಖೇಡದ ಕೋಟೆಯ ಮಗ್ಗುಲಲ್ಲಿ ಹರಿಯುವ ಕಾಗಿಣಾ ನದಿಯ ನೀರು ತಾನಾಗಿಯೇ ತಗ್ಗಿಗೆ ಇಳಿದು ಭೀಮೆಯನ್ನು ಸೇರುತ್ತದೆ. ಅದೇ ನೀರನ್ನು ದಂಡೆಯ ಮೇಲಿನ ಹೊಲಕ್ಕೆ ಏರಿಸಬೇಕಾದರೆ ಪಂಪು ಬೇಕು. ಶಾಖದ ಸ್ವಭಾವವೂ ಹಾಗೆಯೇ. ಅದು ಬಿಸಿಯಾದ ವಸ್ತುವಿನಿಂದ ತಣ್ಣನೆಯ ವಸ್ತುವಿಗೆ ತಾನಾಗಿ ಹರಿಯುತ್ತದೆ. ತಣ್ಣನೆಯ ಪೆಟ್ಟಿಗೆಯಿಂದ ಬಿಸಿಯಾದ ಕೋಣೆಗೆ ತಾನಾಗಿ ಎಂದೂ ಹೋಗದು. ಅದನ್ನು ಹಾಗೆ ಏರಿಸುವ ಪಂಪೇ ಕಂಪ್ರೆಸರ್. ಕನ್ನಡದಲ್ಲಿ ಇದನ್ನು ಸಂಪೀಡಕ ಎನ್ನಬಹುದು. ಮನುಷ್ಯನ ಹೃದಯವು ರಕ್ತವನ್ನು ತಳ್ಳುವಂತೆ ಇದು ಫ್ರಿಜ್ಜಿನ ಕೊಳವೆಗಳಲ್ಲಿ ಶೀತಕವೆಂಬ ದ್ರವ್ಯವನ್ನು ತಳ್ಳುತ್ತದೆ.

ಫ್ರಿಜ್ಜಿನ ಹಿಂಬದಿಯ ಕೆಳಭಾಗದಲ್ಲಿ ಕಾಣುವ, ಕುಂಬಳಕಾಯಿಯ ಗಾತ್ರದ ಕಪ್ಪು ಉಕ್ಕಿನ ಗುಂಡೇ ಕಂಪ್ರೆಸರ್. ಅದರೊಳಗೆ ಒಂದು ವಿದ್ಯುತ್ ಮೋಟಾರು, ಒಂದು ಉರುಳೆ, ಉರುಳೆಯಲ್ಲಿ ಹಿಂದೆ ಮುಂದೆ ಚಲಿಸುವ ಪಿಸ್ಟನ್, ಎರಡು ತೆಳುವಾದ ಕವಾಟಗಳು ಮತ್ತು ತಳದಲ್ಲಿ ಸ್ವಲ್ಪ ಎಣ್ಣೆ ಇರುತ್ತವೆ. ಸಾಮಾನ್ಯ ಕಂಪ್ರೆಸರಿನ ಮೋಟಾರು ನಿಮಿಷಕ್ಕೆ ಸುಮಾರು 2900 ಸುತ್ತು ತಿರುಗುತ್ತದೆ. ಪಿಸ್ಟನ್ ಹಿಂದೆ ಸರಿದಾಗ ಒಂದು ಕವಾಟ ತೆರೆದು ಶೀತಕದ ತಣ್ಣನೆಯ ಆವಿ ಒಳಗೆ ಬರುತ್ತದೆ. ಮುಂದೆ ಸರಿದಾಗ ಆ ಆವಿ ಒತ್ತಲ್ಪಟ್ಟು, ಕಾದು, ಇನ್ನೊಂದು ಕವಾಟದ ಮೂಲಕ ಹೊರಗೆ ನುಗ್ಗುತ್ತದೆ. ಸೈಕಲ್ಲಿನ ಗಾಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುವುದು.

ಹೀಗೆ ಹೊರಟ ಬಿಸಿ ಆವಿ ಕಂಡೆನ್ಸರ್ ಎಂಬ ಉದ್ದನೆಯ ಸುರುಳಿ ಕೊಳವೆಯನ್ನು ಸೇರುತ್ತದೆ. ಹಳೆಯ ಫ್ರಿಜ್ಜುಗಳಲ್ಲಿ ಇದು ಬೆನ್ನಿನ ಮೇಲೆ ಕಪ್ಪು ಜಾಲರಿಯಂತೆ ಕಾಣುತ್ತದೆ. ಹೊಸ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ಪಕ್ಕದ ತಗಡಿನೊಳಗೆ ಅಡಗಿರುತ್ತದೆ. ಅಲ್ಲಿ ಆವಿ ತನ್ನ ಶಾಖವನ್ನು ಕೋಣೆಯ ಗಾಳಿಗೆ ಬಿಟ್ಟುಕೊಟ್ಟು ದ್ರವವಾಗುತ್ತದೆ. ಮುಂದೆ ಒಂದು ಪುಟ್ಟ ಸೋಸುಕ ಅದರಲ್ಲಿರಬಹುದಾದ ಕಸವನ್ನೂ ತೇವವನ್ನೂ ಹಿಡಿದಿಡುತ್ತದೆ. ಆಮೇಲೆ ಒಂದು ಮಿಲಿಮೀಟರಿಗಿಂತಲೂ ಕಿರಿದಾದ ಬಾಯಿಯುಳ್ಳ ತಾಮ್ರದ ಕ್ಯಾಪಿಲರಿ ಕೊಳವೆಯಲ್ಲಿ ದ್ರವ ಹಾದುಹೋಗುವಾಗ ಅದರ ಒತ್ತಡ ಇಳಿಯುತ್ತದೆ. ಒತ್ತಡ ಇಳಿದ ಶೀತಕ ಪೆಟ್ಟಿಗೆಯ ಒಳಗಿನ ಬಾಷ್ಪಕದಲ್ಲಿ ಕುದಿದು ಆವಿಯಾಗುತ್ತದೆ. ಕುದಿಯುವುದೆಂದರೆ ಬಿಸಿ ಎಂದೇ ಭಾವಿಸಬೇಕಿಲ್ಲ. ಆರ್-134ಎ ಎಂಬ ಶೀತಕ ವಾತಾವರಣದ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೆ, ಆರ್-600ಎ ಎಂಬುದು ಸೊನ್ನೆಗಿಂತ ಸುಮಾರು 12 ಡಿಗ್ರಿ ಕೆಳಗೆ ಕುದಿಯುತ್ತದೆ. ಆಗ ಬೇಕಾಗುವ ಶಾಖವನ್ನು ಅದು ಒಳಗಿನ ಹಾಲು, ತರಕಾರಿ, ನೀರುಗಳಿಂದ ಹೀರಿಕೊಳ್ಳುತ್ತದೆ. ಹರವಿಯಲ್ಲಿ ನಡೆದುದೇ ಇಲ್ಲಿಯೂ ನಡೆಯಿತು. ಆದರೆ ಇಲ್ಲಿ ಆವಿ ಕಳೆದುಹೋಗದೆ ಮತ್ತೆ ಕಂಪ್ರೆಸರಿಗೆ ಮರಳುತ್ತದೆ.

ಬಿಸಿಲ ನಾಡಿನಲ್ಲಿ ಕಂಪ್ರೆಸರಿನ ದುಡಿಮೆ ಏಕೆ ಹೆಚ್ಚು ಎಂಬುದನ್ನು ಈಗ ತಿಳಿಯಬಹುದು. ಕಂಡೆನ್ಸರ್ ಶಾಖವನ್ನು ಗಾಳಿಗೆ ಬಿಡಬೇಕಾದರೆ ಅದು ಗಾಳಿಗಿಂತ ಬಿಸಿಯಾಗಿರಬೇಕು. ಕೋಣೆಯಲ್ಲಿ 42 ಡಿಗ್ರಿ ಇದ್ದರೆ ಕಂಡೆನ್ಸರು 55 ಡಿಗ್ರಿಯ ಸುತ್ತಮುತ್ತ ಇರಬೇಕಾಗುತ್ತದೆ. ಅಷ್ಟು ಉಷ್ಣತೆಯಲ್ಲಿ ಆರ್-134ಎ ಆವಿಯನ್ನು ದ್ರವವಾಗಿಸಲು ವಾತಾವರಣದ ಸುಮಾರು ಹದಿನೈದು ಪಟ್ಟು ಒತ್ತಡ ಬೇಕು. ಫ್ರಿಜ್ಜನ್ನು ಗೋಡೆಗೆ ಒತ್ತಿಸಿ ಇಟ್ಟರೆ, ಒಲೆಯ ಬಳಿ ಇಟ್ಟರೆ, ಕಲ್ಲಿನ ಗಣಿಯ ಅಥವಾ ಸಿಮೆಂಟಿನ ಧೂಳು ಜಾಲರಿಯ ಮೇಲೆ ಕವಿಯಲು ಬಿಟ್ಟರೆ ಈ ಹೊರೆ ಇನ್ನೂ ಏರುತ್ತದೆ. ಇದರ ಜೊತೆಗೆ ವಿದ್ಯುತ್ತಿನ ಏರಿಳಿತವೂ ಸೇರಬಹುದು. 230 ವೋಲ್ಟ್ ಇರಬೇಕಾದಲ್ಲಿ ಒತ್ತಡ ತೀರ ಕುಸಿದರೆ ಮೋಟಾರು ತಿರುಗಲಾರದೆ ಬರಿದೇ ಗುಂಯ್‌ಗುಡುತ್ತ ಕಾಯುತ್ತದೆ. ಹೀಗೆ ವರ್ಷಗಟ್ಟಲೆ ದಣಿದ ಕಂಪ್ರೆಸರ್ ಒಂದು ದಿನ ನಿಂತುಹೋಗಬಹುದು.

ಆದರೆ ಫ್ರಿಜ್ ತಂಪಾಗದಿದ್ದರೆ ಕಂಪ್ರೆಸರೇ ಕೆಟ್ಟಿತೆಂದು ತೀರ್ಮಾನಿಸುವುದು ಅವಸರದ ಕೆಲಸ. ಎದೆ ನೋಯುತ್ತದೆ ಎಂದೊಡನೆ ಹೃದಯವನ್ನೇ ಬದಲಾಯಿಸುವ ವೈದ್ಯನುಂಟೆ? ಬಲ್ಲ ಕುಶಲಕರ್ಮಿ ಮೊದಲು ಹೊರಗಿನಿಂದ ಪರೀಕ್ಷೆಯನ್ನು ಆರಂಭಿಸುತ್ತಾನೆ. ವಿದ್ಯುತ್ತು ಸರಿಯಾದ ಒತ್ತಡದಲ್ಲಿ ಬರುತ್ತಿದೆಯೆ? ಉಷ್ಣತೆಯನ್ನು ನಿಯಂತ್ರಿಸುವ ಥರ್ಮೊಸ್ಟ್ಯಾಟ್ ಕೆಲಸಮಾಡುತ್ತಿದೆಯೆ? ಬಾಗಿಲಿನ ರಬ್ಬರು ಬಿಗಿಯಾಗಿದೆಯೆ? ಕಂಡೆನ್ಸರಿಗೆ ಗಾಳಿಯಾಡುತ್ತಿದೆಯೆ? ಬಳಿಕ ಅವನು ಕಂಪ್ರೆಸರಿನ ಪಕ್ಕದಲ್ಲಿರುವ ಎರಡು ಚಿಕ್ಕ ಭಾಗಗಳನ್ನು ನೋಡುತ್ತಾನೆ. ಒಂದು, ಮೋಟಾರನ್ನು ಹೊರಡಿಸುವ ರಿಲೇ. ಇನ್ನೊಂದು, ಮೋಟಾರು ಅತಿಯಾಗಿ ಕಾದಾಗ ವಿದ್ಯುತ್ತನ್ನು ಕಡಿದು ಅದನ್ನು ಉಳಿಸುವ ರಕ್ಷಕ. ಕಂಪ್ರೆಸರ್ ಕ್ಷಣಕಾಲ ಗುಂಯ್‌ಗುಟ್ಟಿ ‘ಟಕ್’ ಎಂದು ನಿಲ್ಲುತ್ತಿದ್ದರೆ ಅನೇಕ ವೇಳೆ ದೋಷ ರಿಲೇಯಲ್ಲಿರುತ್ತದೆ. ಅದರ ಬೆಲೆ ಕಂಪ್ರೆಸರಿನ ಬೆಲೆಯ ಒಂದು ಸಣ್ಣ ಅಂಶ ಮಾತ್ರ. ವಿದ್ಯುತ್ತು ಹೋಗಿ ಕೂಡಲೇ ಬಂದಾಗಲೂ ಇದೇ ಸದ್ದು ಕೇಳಿಸಬಹುದು. ಕೊಳವೆಗಳ ಒತ್ತಡ ಸಮನಾಗಲು ಐದು ನಿಮಿಷ ಬಿಟ್ಟು ನೋಡಬೇಕು.

ಇಷ್ಟಾದ ಮೇಲೆ ಕಂಪ್ರೆಸರಿನ ಸರದಿ. ಅದರ ಮೈಮೇಲೆ ಮೂರು ಮೊಳೆಗಳಿರುತ್ತವೆ. ಒಂದು ಮೋಟಾರನ್ನು ಹೊರಡಿಸುವ ಸುರುಳಿಯದು, ಒಂದು ಓಡಿಸುವ ಸುರುಳಿಯದು, ಮೂರನೆಯದು ಎರಡಕ್ಕೂ ಸಾಮಾನ್ಯವಾದುದು. ಫ್ರಿಜ್ಜಿನ ಪ್ಲಗ್ಗನ್ನು ಕಿತ್ತು, ತಂತಿಗಳನ್ನು ಬಿಡಿಸಿ, ಮೀಟರಿನಿಂದ ಅಳೆದಾಗ ಮೊದಲ ಎರಡು ಮೊಳೆಗಳ ನಡುವಿನ ರೋಧವು ಸಾಮಾನ್ಯ ಮೊಳೆಯಿಂದ ಅಳೆದ ಎರಡು ರೋಧಗಳ ಮೊತ್ತಕ್ಕೆ ಸಮನಾಗಬೇಕು. ಆಗದಿದ್ದರೆ ಸುರುಳಿ ಕಡಿದಿದೆ ಇಲ್ಲವೆ ಸುಟ್ಟಿದೆ. ಯಾವುದೇ ಮೊಳೆಗೂ ಹೊರಗಿನ ಉಕ್ಕಿನ ಕವಚಕ್ಕೂ ವಿದ್ಯುತ್ ಸಂಪರ್ಕ ಕಂಡರೆ ಅದು ಮುಟ್ಟಿದವರ ಪ್ರಾಣಕ್ಕೆ ಅಪಾಯ. ಸುರುಳಿಗಳು ಸರಿಯಿದ್ದೂ ಪಿಸ್ಟನ್ ಕಚ್ಚಿಕೊಂಡಿರಬಹುದು. ಅಥವಾ ಕವಾಟ ಮುರಿದು ಯಂತ್ರ ಓಡಿದರೂ ಒತ್ತಡ ಏಳದಿರಬಹುದು. ಕಂಪ್ರೆಸರ್ ಚೆನ್ನಾಗಿದ್ದು ಎಲ್ಲಿಯೋ ಶೀತಕ ಸೋರಿಹೋಗಿದ್ದರೆ ಹೊಸ ಕಂಪ್ರೆಸರ್ ಹಾಕಿ ಫಲವಿಲ್ಲ; ಸೋರಿದ ಜಾಗವನ್ನು ಹುಡುಕಿ ಮುಚ್ಚಬೇಕು.

ಕಂಪ್ರೆಸರೇ ಕೆಟ್ಟಿರುವುದು ಖಚಿತವಾದ ಮೇಲೆ ಬದಲಾವಣೆಯ ಕೆಲಸ. ಇದು ಮನೆಯಲ್ಲಿ ಕುತೂಹಲಕ್ಕಾಗಿ ಮಾಡಬಹುದಾದ ಪ್ರಯೋಗವಲ್ಲ. ವಿದ್ಯುತ್ತು, ಬೆಂಕಿ, ಒತ್ತಡದ ಅನಿಲ ಮೂರೂ ಇಲ್ಲಿವೆ. ಹೊಸ ಕಂಪ್ರೆಸರ್ ಹಳೆಯದರಷ್ಟೇ ಸಾಮರ್ಥ್ಯದ್ದಾಗಿರಬೇಕು. ಫ್ರಿಜ್ಜಿನ ಫಲಕದಲ್ಲಿ ಬರೆದಿರುವ ಶೀತಕಕ್ಕೇ ಹೊಂದುವಂಥದಾಗಿರಬೇಕು. ಪ್ಲಗ್ಗನ್ನು ಕಿತ್ತ ಮೇಲೆ ಮೊದಲು ಹಳೆಯ ಶೀತಕವನ್ನು ಹೊರತೆಗೆಯುತ್ತಾರೆ. ಆರ್-134ಎ ಆದರೆ ಅದನ್ನು ಗಾಳಿಗೆ ಬಿಡದೆ ಬೇರೊಂದು ಸಿಲಿಂಡರಿಗೆ ತುಂಬಿಕೊಳ್ಳಬೇಕು. ಆರ್-600ಎ ಎಂಬುದು ಐಸೊಬ್ಯುಟೇನ್. ಅಡುಗೆ ಅನಿಲದಂತೆ ಹೊತ್ತಿಕೊಳ್ಳುವಂಥದು. ಅದನ್ನು ಕಿಡಿ, ದೀಪ, ಒಲೆಗಳಿಂದ ದೂರವಾಗಿ, ಕೊಳವೆಯ ಮೂಲಕ ಬಯಲಿಗೆ ಸಾಗಿಸಿ, ಒಳಗೆ ನೈಟ್ರೊಜನ್ ಹಾಯಿಸಿ ತೊಳೆಯುತ್ತಾರೆ. ಬಳಿಕ ಕೊಳವೆಗಳನ್ನು ಬೆಂಕಿಯಿಂದ ಬಿಡಿಸದೆ ಕತ್ತರಿಸುವ ಉಪಕರಣದಿಂದ ಕತ್ತರಿಸುತ್ತಾರೆ. ಹಳೆಯ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಕೊಳವೆಗಳನ್ನೆಲ್ಲ ಶುದ್ಧಮಾಡುವುದು ಅಗತ್ಯ. ಇಲ್ಲವಾದರೆ ಹಳೆಯ ಸಾವಿನ ವಿಷ ಹೊಸ ಹೃದಯವನ್ನೂ ಕೊಲ್ಲುತ್ತದೆ.

ಹೊಸ ಕಂಪ್ರೆಸರನ್ನು ರಬ್ಬರಿನ ಮೆತ್ತೆಗಳ ಮೇಲೆ ಕೂಡಿಸಿ, ಅದರ ಬಾಯಿಮುಚ್ಚಳಗಳನ್ನು ಕೊನೆಯ ಗಳಿಗೆಯಲ್ಲಿ ತೆಗೆಯುತ್ತಾರೆ. ಆರ್-134ಎಗೆ ಬಳಸುವ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರುವುದೇ ಇದಕ್ಕೆ ಕಾರಣ. ಸೋಸುಕವನ್ನಂತೂ ಪ್ರತಿ ಸಲವೂ ಹೊಸದು ಹಾಕಲೇಬೇಕು. ಬೆಸುಗೆ ಹಾಕುವಾಗ ಕೊಳವೆಯೊಳಗೆ ನೈಟ್ರೊಜನ್ ಮೆಲ್ಲಗೆ ಹರಿಯುತ್ತಿದ್ದರೆ ತಾಮ್ರದ ಒಳಮೈಯಲ್ಲಿ ಮಸಿ ಕಟ್ಟುವುದಿಲ್ಲ. ಆರ್-600ಎ ಫ್ರಿಜ್ಜಿನಲ್ಲಿ ಬೆಂಕಿಯ ಬೆಸುಗೆಗೆ ಬದಲಾಗಿ ಒತ್ತಿ ಕೂಡಿಸುವ ಲೋಹದ ಉಂಗುರಗಳು ಕ್ಷೇಮ. ಆಮೇಲೆ ಒಣ ನೈಟ್ರೊಜನ್ ತುಂಬಿ, ಕೂಡುಗಳಿಗೆ ಸಾಬೂನು ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೆ ಎಂದು ಪರೀಕ್ಷಿಸುತ್ತಾರೆ. ಈ ಪರೀಕ್ಷೆಗೆ ಆಮ್ಲಜನಕವನ್ನು ಎಂದಿಗೂ ಬಳಸಬಾರದು. ಒತ್ತಡದ ಆಮ್ಲಜನಕವೂ ಎಣ್ಣೆಯೂ ಕೂಡಿದರೆ ಸ್ಫೋಟವಾದೀತು.

ಮುಂದಿನ ಹೆಜ್ಜೆ ನಿರ್ವಾತಗೊಳಿಸುವುದು. ಅವಸರದ ಕೆಲಸಗಾರ ಇದನ್ನೇ ಹೆಚ್ಚಾಗಿ ಬಿಟ್ಟುಬಿಡುತ್ತಾನೆ. ಬಿಟ್ಟದ್ದು ಗಿರಾಕಿಯ ಕಣ್ಣಿಗೆ ಕಾಣುವುದೂ ಇಲ್ಲ. ನಿರ್ವಾತ ಪಂಪನ್ನು ಸಾಕಷ್ಟು ಹೊತ್ತು ಓಡಿಸಿದಾಗ ಕೊಳವೆಯೊಳಗಿನ ಗಾಳಿ ಹೊರಟುಹೋಗುತ್ತದೆ. ಒತ್ತಡ ತೀರ ತಗ್ಗುವುದರಿಂದ ಒಳಗಿನ ತೇವವೂ ಆವಿಯಾಗಿ ಹೊರಬರುತ್ತದೆ. ಗಾಳಿ ಉಳಿದರೆ ಅದು ಕಂಡೆನ್ಸರಿನಲ್ಲಿ ದ್ರವವಾಗದೆ ಒತ್ತಡವನ್ನು ಏರಿಸುತ್ತದೆ. ಒಂದು ಹನಿ ನೀರು ಉಳಿದರೂ ಅದು ಕ್ಯಾಪಿಲರಿಯ ತುದಿಯಲ್ಲಿ ಹೆಪ್ಪುಗಟ್ಟಿ ದಾರಿಯನ್ನೇ ಮುಚ್ಚಬಹುದು. ಕೊನೆಗೆ ಶೀತಕವನ್ನು ಅಂದಾಜಿನಿಂದಲ್ಲ, ತಕ್ಕಡಿಯಿಂದ ತೂಗಿ, ಫಲಕದಲ್ಲಿ ಬರೆದಷ್ಟೇ ತುಂಬುತ್ತಾರೆ. ಆರ್-600ಎ ಆದರೆ ಅದು ಹೆಚ್ಚಾಗಿ ಕೆಲವು ಹತ್ತು ಗ್ರಾಂ ಮಾತ್ರ. ತುಂಬಿದ ಕೊಳವೆಯನ್ನು ಭದ್ರವಾಗಿ ಮುಚ್ಚಿ, ಯಂತ್ರವನ್ನು ಓಡಿಸಿ, ಅದು ಎಳೆಯುವ ವಿದ್ಯುತ್ತನ್ನೂ ಒಳಗಿನ ಉಷ್ಣತೆಯನ್ನೂ ಅಳೆದ ಮೇಲೆಯೇ ಕೆಲಸ ಮುಗಿದಂತೆ.

ಶೀತಕವನ್ನು ಗಾಳಿಗೆ ಬಿಡಬಾರದೆಂಬುದರ ಹಿಂದೆ ಲೋಕಕ್ಕೇ ಸಂಬಂಧಿಸಿದ ಕಥೆಯೊಂದಿದೆ. ಬಹುಕಾಲ ಫ್ರಿಜ್ಜುಗಳಲ್ಲಿ ಆರ್-12 ಎಂಬ ಕ್ಲೋರೊಫ್ಲೂರೊಕಾರ್ಬನ್ ಬಳಕೆಯಲ್ಲಿತ್ತು. ಅದಕ್ಕೆ ವಿಷವಿಲ್ಲ, ಬೆಂಕಿಯ ಭಯವಿಲ್ಲ. ಆದರೆ ಇಂಥ ಅನಿಲಗಳು ಆಕಾಶದ ಮೇಲಿನ ಸ್ತರಗಳಿಗೇರಿ ಓಜೋನ್ ಪದರವನ್ನು ಸವೆಸುತ್ತವೆಂದು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ತೋರಿಸಿದರು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. 1992ರಲ್ಲಿ ಭಾರತವೂ ಅದನ್ನು ಸೇರಿತು. ಅದರ ಸ್ಥಾನಕ್ಕೆ ಬಂದ ಆರ್-134ಎ ಓಜೋನನ್ನು ಕೆಡಿಸದಿದ್ದರೂ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮಿಗಿಲಾದುದು. ಇಂಥ ಶೀತಕಗಳನ್ನು ಕ್ರಮೇಣ ತಗ್ಗಿಸಲು 2016ರಲ್ಲಿ ಕಿಗಾಲಿಯಲ್ಲಿ ರಾಷ್ಟ್ರಗಳು ಒಪ್ಪಿದವು. ಭಾರತ 2021ರಲ್ಲಿ ಅದನ್ನು ಅಂಗೀಕರಿಸಿತು. ವಾಡಿಯ ಒಂದು ಗಲ್ಲಿಯಲ್ಲಿ ಕೊಳವೆ ಕತ್ತರಿಸುವ ಕೈಗೂ ಲೋಕದ ಆಕಾಶಕ್ಕೂ ಹೀಗೆ ಸಂಬಂಧವುಂಟು.

ಚಿಂಚೋಳಿಯ ಕಡೆಯ ಗುಡ್ಡಗಾಡಿನಲ್ಲಿ ತಾಂಡಾಗಳು ಅನೇಕ. ಆರೋಗ್ಯ ಕಾರ್ಯಕರ್ತೆಯರು ಮಂಜಿನ ಪೊಟ್ಟಣಗಳ ನಡುವೆ ಲಸಿಕೆಯ ಸೀಸೆಗಳನ್ನಿಟ್ಟು ಪೆಟ್ಟಿಗೆಯನ್ನು ಹೊತ್ತು ಇಂಥ ಊರುಗಳಿಗೆ ನಡೆಯುತ್ತಾರೆ. ಆ ಸೀಸೆ ಕಾರ್ಖಾನೆಯಿಂದ ಮಗುವಿನ ತೋಳಿನವರೆಗೆ ತಂಪಿನಲ್ಲಿಯೇ ಬರಬೇಕು. ಅತಿಯಾಗಿ ಕಾದರೆ ಲಸಿಕೆ ಕೆಡುತ್ತದೆ. ಕೆಲವು ಲಸಿಕೆಗಳು ಹೆಪ್ಪುಗಟ್ಟಿದರೂ ಕೆಡುತ್ತವೆ. ಕೆಟ್ಟ ಹಾಲನ್ನು ವಾಸನೆ ತೋರಿಸಿಕೊಡುತ್ತದೆ. ಕೆಟ್ಟ ಲಸಿಕೆಯನ್ನು ಬರಿಗಣ್ಣಿನಿಂದ ಗುರುತಿಸುವುದು ಬಹಳ ಕಷ್ಟ. ಚುಚ್ಚಿಸಿಕೊಂಡ ಮಗುವಿಗೆ ರಕ್ಷಣೆ ದೊರೆಯಿತೆಂದೇ ತಾಯಿ ನಂಬಿರುತ್ತಾಳೆ. ಆದುದರಿಂದ ಆರೋಗ್ಯ ಕೇಂದ್ರದ ಫ್ರಿಜ್ಜನ್ನು ದುರಸ್ತಿ ಮಾಡುವವನು ತಾನು ಎಂದೂ ಕಾಣದ ಮಕ್ಕಳ ಆರೋಗ್ಯಕ್ಕೂ ಹೊಣೆಯಾಗಿರುತ್ತಾನೆ.

ಹತ್ತನೆಯ ತರಗತಿ ಮುಗಿಸಿದವರಿಗೆ ಕೈಗಾರಿಕಾ ತರಬೇತಿ ಸಂಸ್ಥೆಗಳಲ್ಲಿ ಈ ವಿದ್ಯೆಯನ್ನು ಕಲಿಸುವ ಎರಡು ವರ್ಷಗಳ ಶಿಕ್ಷಣವಿದೆ. ಉಪಕರಣಗಳ ಬಳಕೆಯನ್ನು ಅಲ್ಲಿ ಕಲಿಯಬಹುದು. ಆದರೆ ರಿಲೇ ಮಾತ್ರ ಕೆಟ್ಟಿರುವಲ್ಲಿ ಕಂಪ್ರೆಸರಿನ ಬೆಲೆಯನ್ನು ಕೇಳದಿರುವುದು, ಯಾರೂ ನೋಡದಿದ್ದಾಗಲೂ ನಿರ್ವಾತ ಪಂಪನ್ನು ಪೂರ್ಣ ಹೊತ್ತು ಓಡಿಸುವುದು, ತೂಕದಲ್ಲಿ ಒಂದು ಗ್ರಾಮಿಗೂ ಲೆಕ್ಕ ಇಡುವುದು ಇವು ಕೆಲಸಗಾರನ ಶೀಲಕ್ಕೆ ಸೇರಿದವು. ಫ್ರಿಜ್ಜಿನ ಕವಚದೊಳಗೆ ನಡೆಯುವುದನ್ನು ಮಾಲೀಕನು ನೋಡಲಾರ. ಅವನು ನಂಬಬಲ್ಲ ಅಷ್ಟೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಕೈಯೇ ನಿಜವಾದ ಕುಶಲ ಕೈ.

ಅಭ್ಯಾಸ

1. ಬೇಸಗೆಯಲ್ಲಿ ಹರವಿಯ ನೀರು ಮಳೆಗಾಲದಲ್ಲಿರುವುದಕ್ಕಿಂತ ಹೆಚ್ಚು ತಂಪಾಗಲು ಕಾರಣವೇನು?
2. ಫ್ರಿಜ್ಜನ್ನು ‘ಶಾಖವನ್ನು ಹೊತ್ತೊಯ್ಯುವ ಯಂತ್ರ’ ಎಂದು ಏಕೆ ಹೇಳಲಾಗಿದೆ? ನದಿಯ ಹೋಲಿಕೆಯನ್ನು ವಿವರಿಸಿರಿ.
3. ಕಂಪ್ರೆಸರ್ ಕೆಟ್ಟಿದೆಯೆಂದು ತೀರ್ಮಾನಿಸುವ ಮೊದಲು ಯಾವ ಯಾವ ಪರೀಕ್ಷೆಗಳನ್ನು ಮಾಡಬೇಕು?
4. ಕೊಳವೆಗಳನ್ನು ನಿರ್ವಾತಗೊಳಿಸದಿದ್ದರೆ ಉಂಟಾಗುವ ತೊಂದರೆಗಳಾವುವು?
5. ‘ಮಾಲೀಕನು ನೋಡಲಾರ; ಅವನು ನಂಬಬಲ್ಲ ಅಷ್ಟೆ.’ ಈ ಮಾತಿನ ಸ್ವಾರಸ್ಯವನ್ನು ನಿಮ್ಮ ಊರಿನ ಬೇರೊಂದು ವೃತ್ತಿಯ ಉದಾಹರಣೆಯೊಂದಿಗೆ ಬರೆಯಿರಿ.